ಒಂದು ಅಂಕಿಯ ಬೆನ್ನು ಹತ್ತಿ

ಬೆಂಗಳೂರು ನೋಡಲು ಬಂದವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡವನ್ನು ಕಾಣದೆ ಹೋಗುವುದಿಲ್ಲ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವರು ಬಹಳ. ಮೆಟ್ಟಿಲು ಹತ್ತಿ ಒಳಗೆ ಹೋದವರು ಕಡಿಮೆ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿಸಿದ, ಶತಮಾನ ದಾಟಿದ ಈ ಭವನದಲ್ಲಿ ಇರುವುದು ರಾಜ್ಯ ಕೇಂದ್ರ ಗ್ರಂಥಾಲಯ. ಬೆಳಗ್ಗೆ ದಿನಪತ್ರಿಕೆ ಓದುವ ನಿವೃತ್ತರು, ಪರೀಕ್ಷೆಗೆ ಕೂತ ಹುಡುಗರು, ಹೊರಗೆ ಬಿದಿರು ಮೆಳೆಯ ನೆರಳು.

ಒಂದು ಶನಿವಾರ ಅಲ್ಲಿಗೆ ತುಮಕೂರು ರೈಲಿನಿಂದ ಇಳಿದ ತಂದೆ ಮಗಳು ಬಂದರು. ಊರು ಪಾವಗಡದ ಕಡೆ. ಮಗಳು ಬಿ.ಎಸ್ಸಿ. ಮೊದಲ ವರ್ಷ, ತುಮಕೂರಿನಲ್ಲಿ ಹಾಸ್ಟೆಲ್ಲು. ರಸಾಯನಶಾಸ್ತ್ರದ ಮೇಷ್ಟ್ರು ಕೊಟ್ಟ ಕೆಲಸ ಇಷ್ಟೇ: ನಿಮ್ಮ ಊರಿಗೆ ಸಂಬಂಧಪಟ್ಟ ಒಂದು ಸಂಯುಕ್ತವನ್ನು ಆರಿಸಿಕೊಳ್ಳಿ, ನಾಲ್ಕು ಪುಟ ಬರೆಯಿರಿ, ಬರೆದ ಪ್ರತಿ ಅಂಕಿ ಯಾವ ಪುಸ್ತಕದ ಯಾವ ಪುಟದ್ದೆಂದು ತೋರಿಸಿ. ಹುಡುಗಿ ಕ್ಯಾಲ್ಸಿಯಂ ಫ್ಲೋರೈಡನ್ನು ಆರಿಸಿದ್ದಳು. ಪಾವಗಡದ ಕಡೆಯವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆಬಾವಿಯ ನೀರು ಕುಡಿದು ಬೆಳೆದ ಅವಳ ತಮ್ಮನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡು 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಸಿಗದಿದ್ದರೆ ಹೆಚ್ಚೆಂದರೆ 1.5. ಆ ಊರಿನ ನೀರಿನಲ್ಲಿ ಎರಡು ಮೂರು ಮಿಲಿಗ್ರಾಂ.

ಕಬ್ಬನ್ ಪಾರ್ಕಿನಲ್ಲಿ ಕೆಲಸ ಬೇಗ ಆಯಿತು. ಸಾಮಾನ್ಯ ರಸಾಯನಶಾಸ್ತ್ರದ ಒಂದು ದಪ್ಪ ಪುಸ್ತಕದ ಕೊನೆಯಲ್ಲಿ ವಿಲೇಯತಾ ಗುಣಲಬ್ಧಗಳ ಪಟ್ಟಿ ಇತ್ತು. ಕ್ಯಾಲ್ಸಿಯಂ ಫ್ಲೋರೈಡಿನ ಎದುರು 5.3 × 10⁻⁹. ಹುಡುಗಿ ಬರೆದುಕೊಂಡಳು, ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಆಮೇಲೆ ನೋಟ್ಸಿನ ಹಿಂದಿನ ಪುಟ ತಿರುಗಿಸಿದರೆ, ಕಾಲೇಜಿನಲ್ಲಿ ಬೇರೆಲ್ಲಿಂದಲೋ ಬರೆದುಕೊಂಡದ್ದು 3.45 × 10⁻¹¹!

ಕೈತಪ್ಪಿನಿಂದ ಒಂದು ಸೊನ್ನೆ ಹೆಚ್ಚುಕಡಿಮೆಯಾದ ಸಂಗತಿಯಲ್ಲ ಇದು. ಎರಡರ ನಡುವೆ ನೂರೈವತ್ತು ಪಟ್ಟಿಗೂ ಮೀರಿದ ಅಂತರ. ಇಂದಿಗೂ ಎರಡೂ ಅಂಕಿಗಳು ಅಚ್ಚಿನಲ್ಲೂ ಅಂತರ್ಜಾಲದಲ್ಲೂ ಓಡಾಡುತ್ತಿವೆ. ಪಠ್ಯಪುಸ್ತಕದ ಪಟ್ಟಿ ಎಷ್ಟೋ ಸಲ ಇನ್ನೊಂದು ಪಟ್ಟಿಯಿಂದ ಇಳಿದು ಬಂದದ್ದು. ಅದು ಎಲ್ಲಿಂದ ಬಂತೆಂದು ಎಲ್ಲ ಪುಸ್ತಕಗಳೂ ಹೇಳುವುದಿಲ್ಲ.

“ಯಾವುದೋ ಒಂದು ಬರಿ, ಮಗಾ. ಹೊತ್ತಾಯ್ತು,” ಎಂದರು ತಂದೆ. ಒಂದು ದಿನದ ಕೂಲಿ ಬಿಟ್ಟು ಬಂದವರು, ಹಾಗೆನ್ನುವುದು ಸಹಜವೇ. ಆದರೂ ಇಬ್ಬರೂ ಮಲ್ಲೇಶ್ವರದ ಕಡೆಯ ಬಸ್ಸು ಹಿಡಿದು ಭಾರತೀಯ ವಿಜ್ಞಾನ ಸಂಸ್ಥೆಯ ಗೇಟಿಗೆ ಹೋದರು. ಹುಡುಗಿ ಮೊದಲೇ ವಿಚಾರಿಸಿ, ಪ್ರಿನ್ಸಿಪಾಲರ ಪತ್ರವನ್ನೂ ಕಾಲೇಜಿನ ಗುರುತಿನ ಚೀಟಿಯನ್ನೂ ತಂದಿದ್ದಳು. ಹೊರಗಿನ ವಿದ್ಯಾರ್ಥಿಗಳು ಹಾಗೆ ವಿಚಾರಿಸಿಕೊಂಡೇ ಹೋಗುವುದು ಒಳ್ಳೆಯದು. ಗೇಟಿನಲ್ಲಿ ನಿಂತು ವಾದಿಸಿ ಫಲವಿಲ್ಲ.

ಗೇಟು ದಾಟಿದರೆ ಬೆಂಗಳೂರಿನ ಗದ್ದಲ ಹಿಂದೆ ಉಳಿಯುತ್ತದೆ. ರಸ್ತೆಯ ಎರಡೂ ಬದಿ ಮರ. ಸೈಕಲ್ ಮೇಲೆ ಹೋಗುವ ಹುಡುಗ ಹುಡುಗಿಯರು. 1909ರಲ್ಲಿ ಹುಟ್ಟಿದ ಸಂಸ್ಥೆ; ಗ್ರಂಥಾಲಯ ಶುರುವಾದದ್ದು 1911ರಲ್ಲಿ. ಈಗಿನ ಕಟ್ಟಡಕ್ಕೆ ಬಂದದ್ದು 1965ರಲ್ಲಿ, ಜೆ.ಆರ್.ಡಿ. ಟಾಟಾ ಅವರ ಹೆಸರಿಟ್ಟದ್ದು 1995ರಲ್ಲಿ. ತಂದೆ ಮರದ ಕೆಳಗೆ ಕೂತರು. ಮಗಳು ಒಳಗೆ ಹೋದಳು.

ಇಂಥ ಗ್ರಂಥಾಲಯದಲ್ಲಿ ಹೊಸಬರಿಗೆ ಮೊದಲು ಆಗುವುದು ದಿಗಿಲು. 1907ರಿಂದ ಹೊರಬಂದ ‘ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್’ ಒಂದೇ ಸಾಕು, ಗೋಡೆಗಟ್ಟಲೆ ಕಪಾಟು ತುಂಬುತ್ತದೆ. ಜಗತ್ತಿನ ರಸಾಯನಶಾಸ್ತ್ರದ ಲೇಖನಗಳ ಸಾರವನ್ನೆಲ್ಲ ಹಿಡಿದಿಟ್ಟ ಅದರ ಮುದ್ರಣ 2010ರ ಆರಂಭಕ್ಕೆ ನಿಂತು, ಎಲ್ಲ ಕಂಪ್ಯೂಟರಿಗೆ ಹೋಯಿತು. ಮೊದಲ ವರ್ಷದವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅವರಿಗೆ ಬೇಕಾದದ್ದು ಪರಾಮರ್ಶನ ವಿಭಾಗದ ಸಿ.ಆರ್.ಸಿ. ಹ್ಯಾಂಡ್‌ಬುಕ್. ಕೆಮಿಕಲ್ ರಬ್ಬರ್ ಕಂಪೆನಿ ಎಂಬ ಸಂಸ್ಥೆ ಹೊರತಂದದ್ದರಿಂದ ಅದಕ್ಕೆ ‘ರಬ್ಬರ್ ಬೈಬಲ್’ ಎಂಬ ಅಡ್ಡಹೆಸರೂ ಉಂಟು. ಎತ್ತಿದರೆ ಕೈ ಸೋಲುತ್ತದೆ.

ಅದರಲ್ಲಿ 3.45 × 10⁻¹¹ ಸಿಕ್ಕಿತು. ಮೂರರಲ್ಲಿ ಎರಡು ಮತ ಬಿತ್ತೆಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಹುಡುಗಿ ಜಾಣೆ, ಬೇರೆ ಅಧ್ಯಾಯದ ಬೇರೆ ಕೋಷ್ಟಕಕ್ಕೆ ಹೋದಳು. ಅಲ್ಲಿ ಗುಣಲಬ್ಧದ ಮಾತಿಲ್ಲ, ಎಷ್ಟು ಕರಗುತ್ತದೆಂದು ನೇರವಾಗಿ ತೂಕದಲ್ಲಿ ಹೇಳಿದೆ: 100 ಗ್ರಾಂ ನೀರಿಗೆ 0.0016 ಗ್ರಾಂ. ಅಂದರೆ ಲೀಟರಿಗೆ 16 ಮಿಲಿಗ್ರಾಂ. ಕ್ಯಾಲ್ಸಿಯಂ ಫ್ಲೋರೈಡಿನ 78 ಭಾಗದಲ್ಲಿ ಫ್ಲೋರಿನ್ 38 ಭಾಗ; ಹಾಗಾಗಿ ಫ್ಲೋರೈಡು ಸುಮಾರು 7.8 ಮಿಲಿಗ್ರಾಂ. ಈಗ ಗುಣಲಬ್ಧಗಳಿಂದ ಲೆಕ್ಕ ಹಾಕಿದರೆ, 3.45 × 10⁻¹¹ರಿಂದ ಬರುವುದೂ 7.8. ಕಬ್ಬನ್ ಪಾರ್ಕಿನ ಅಂಕಿಯಿಂದ ಬರುವುದು 42ರ ಹತ್ತಿರ. ನಾಲ್ಕು ಸಾಲಿನ ಲೆಕ್ಕ, ಪಿ.ಯು.ಸಿ. ಮುಗಿಸಿದ ಯಾರಿಗೂ ಬರುತ್ತದೆ. ಪುಸ್ತಕವನ್ನು ಪುಸ್ತಕದಿಂದಲೇ ಪರೀಕ್ಷಿಸಬಹುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊರಗೆ ಬಂದಾಗ ತಂದೆ ಕೇಳಿದ್ದು ಗುಣಲಬ್ಧದ ವಿಷಯವನ್ನಲ್ಲ. “ಟ್ಯಾಂಕಿಗೆ ಸುಣ್ಣ ಹಾಕಿದ್ರೆ ಹೋಗ್ತದೆ ಅಂತಾರಲ್ಲ, ನಿಜವಾ?”

“ಸುಣ್ಣ ಒಂದೇ ಸಾಲ್ದಪ್ಪ. ನಮ್ಮ ನೀರಲ್ಲಿರೋದು ಎರಡು ಮೂರು. ಬರೀ ನೀರಲ್ಲೇ ಏಳೆಂಟರ ತನಕ ಕರಗೇ ಇರ್ತದೆ. ಸುಣ್ಣ ಜಾಸ್ತಿ ಸುರಿದ್ರೆ ಲೆಕ್ಕದ ಪ್ರಕಾರ ಇಳೀಬೇಕು, ಆದ್ರೆ ಆ ನೀರು ಕುಡಿಯೋಕಾಗಲ್ಲ, ಬಾಯಿ ಸುಡ್ತದೆ. ಪಟಿಕಾನೂ ಬೇಕು.”

ಪಟಿಕ ಮತ್ತು ಸುಣ್ಣ ಎರಡನ್ನೂ ಬೆರೆಸುವ ಆ ವಿಧಾನಕ್ಕೆ ನಲ್ಗೊಂಡ ವಿಧಾನವೆಂದೇ ಹೆಸರು. ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು. ಈಗ ತೆಲಂಗಾಣದಲ್ಲಿರುವ ನಲ್ಗೊಂಡ ಜಿಲ್ಲೆಯದೂ ಪಾವಗಡದ್ದೇ ಪಾಡು. ಅದರ ಬಗ್ಗೆ ಓದಲು ಮತ್ತೆ ಬೆಂಗಳೂರಿಗೆ ಬರಬೇಕಾಗಿಲ್ಲ. 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’, ವಿದ್ಯಾರ್ಥಿಗಳಿಗೆಂದೇ 1996ರಲ್ಲಿ ಆರಂಭವಾದ ‘ರೆಸೊನೆನ್ಸ್’, ಎರಡೂ ಬೆಂಗಳೂರಿನ ಪತ್ರಿಕೆಗಳೇ; ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಹುಡುಕುವಾಗ ಊರಿನ ಹೆಸರು, ವಸ್ತುವಿನ ಹೆಸರು ಎರಡನ್ನೂ ಕೊಟ್ಟರೆ ಬೇಗ ದಾರಿ ಸಿಕ್ಕೀತು.

ಯಶವಂತಪುರ ನಿಲ್ದಾಣ ಅಲ್ಲಿಂದ ದೂರವಿಲ್ಲ. ಸಂಜೆಯ ರೈಲಿಗೆ ಸಮಯವೂ ಇತ್ತು. ಆದರೆ ಪ್ರತಿ ಅಂಕಿಗೂ ಪುಟ ತೋರಿಸಬೇಕಲ್ಲ, ತಪ್ಪೆಂದು ಬರೆಯುವ ಅಂಕಿಗೂ. ಬೆಳಗಿನ ದಪ್ಪ ಪುಸ್ತಕದ ಹೆಸರು, ಆವೃತ್ತಿ, ಪುಟ ಯಾವುದನ್ನೂ ಹುಡುಗಿ ಬರೆದುಕೊಂಡಿರಲಿಲ್ಲ. ತಂದೆ ಒಂದು ಮಾತೂ ಆಡದೆ ಕಬ್ಬನ್ ಪಾರ್ಕಿನ ಕಡೆಯ ಬಸ್ಸಿಗೆ ಕೈ ಅಡ್ಡ ಹಾಕಿದರು.