ಬಚ್ಚಲಲ್ಲಿ ಜಾರಿ ಬಿದ್ದಳು

ನಾನು ಕಾಮರ್ಸ್ ವಿದ್ಯಾರ್ಥಿ. ಏಳನೇ ಇಯತ್ತೆಯ ತನಕ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತವನು ಎಂಬ ಒಂದೇ ಅರ್ಹತೆಯ ಮೇಲೆ ನಮ್ಮ ಸಂಘದ ಸಂಪಾದಕರು ‘ನೀನೂ ಏನಾದರೂ ಬರೆದುಕೊಡು ಮಾರಾಯ’ ಎಂದರು. ಕತೆ, ಕವಿತೆ ನನ್ನಿಂದಾಗದು. ಒಂದು ಸುಳ್ಳು ಎಂಟ್ರಿಯ ಬಗ್ಗೆ ಬರೆಯುತ್ತೇನೆ. ಅದನ್ನು ಹಾಕಿಸಿದವನು ನಾನೇ.

ಎಂಟು ವರ್ಷದ ಹಿಂದಿನ ಮಾತು. ನಾವಿರುವುದು ಹಾರ್ಬರ್ ಲೈನಿನ ಬದಿಯ ಒಂದು ಚಾಳಿನಲ್ಲಿ. ವಿಜಾಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹತ್ತಾರು ಮನೆಗಳು ಅಲ್ಲಿವೆ. ಪಕ್ಕದ ಖೋಲಿಯ ಅಕ್ಕನಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಒಂದು ರಾತ್ರಿ ಅವಳ ಗಂಡ ನಮ್ಮ ಬಾಗಿಲು ತಟ್ಟಿ, ‘ಹುಡುಗನ್ನ ಕಳಸ್ರಿ, ದವಾಖಾನ್ಯಾಗ ಮರಾಠಿ ಮಾತಾಡಾಕ ಬೇಕು’ ಎಂದ. ರಿಕ್ಷಾದಲ್ಲಿ ಅಕ್ಕ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಕೂತಿದ್ದಳು. ‘ಬಚ್ಚಲದಾಗ ಜಾರಿ ಬಿದ್ದಾಳ ಅಂತ ಹೇಳು. ಬ್ಯಾರೆ ಏನೂ ಹೇಳಬ್ಯಾಡ’ ಎಂದು ಅವನು ನನಗೆ ಪಾಠ ಒಪ್ಪಿಸಿದ. ನಾನು ಅಕ್ಕನ ಮುಖ ನೋಡಿದೆ. ‘ಹಂಗ ಹೇಳಪಾ’ ಎಂದಳು.

ನಮ್ಮ ಖೋಲಿಗಳಲ್ಲಿ ಬಚ್ಚಲೆಂಬುದೇ ಇಲ್ಲ. ಮೂಲೆಯಲ್ಲಿ ಒಂದು ಮೋರಿ, ಕುಕ್ಕರಗಾಲಲ್ಲಿ ಕೂತರೆ ಮುಗಿಯಿತು. ಅದರಲ್ಲಿ ಜಾರಿ ಬೀಳಬೇಕೆಂದರೂ ಜಾಗವಿಲ್ಲ. ಅಷ್ಟು ನನಗೆ ಗೊತ್ತಿತ್ತು. ಆದರೂ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಶಾಲೆಯಲ್ಲಿ ಪದ್ಯ ಹೇಳಿದಂತೆ ಮರಾಠಿಯಲ್ಲಿ ಹೇಳಿಬಿಟ್ಟೆ. ಮಣಿಕಟ್ಟಿನ ಮೇಲೆ ಬೆರಳುಗಳ ಗುರುತು ನೀಲಿಗಟ್ಟಿತ್ತು. ಅವರು ಅದನ್ನು ನೋಡಿದರು, ಒಂದು ಸಲ ನನ್ನನ್ನೂ ನೋಡಿದರು. ಹೊರಗೆ ಬೆಂಚಿನ ಮೇಲೆ ಇನ್ನೂ ಮೂವತ್ತು ಜನ ಕಾದಿದ್ದರು. ಕೇಸ್ ಪೇಪರಿನ ಮೇಲೆ ಒಂದು ಸಾಲು ಬರೆದು ಪ್ಲಾಸ್ಟರಿಗೆ ಕಳಿಸಿದರು.

ಹೋದ ವರ್ಷ ಅವ್ವನ ಮಂಡಿ ನೋವಿಗೆಂದು ಬಾಂದ್ರಾದ ಭಾಭಾ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ‘ದಿಲಾಸಾ’ ಎಂಬ ಬೋರ್ಡು ಕಂಡಿತು. ದಿಲಾಸಾ ಎಂದರೆ ಧೈರ್ಯ ಹೇಳುವುದು, ಸಮಾಧಾನ. ಏನಿದು ಎಂದು ವಿಚಾರಿಸಿ, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಮುಂಬಯಿ ಮಹಾನಗರ ಪಾಲಿಕೆಯ ಆರೋಗ್ಯ ಖಾತೆಯೂ ಸೇಹತ್ ಎಂಬ ಸಂಶೋಧನ ಸಂಸ್ಥೆಯೂ ಸೇರಿ 2000-01ರಲ್ಲಿ ಅದೇ ಆಸ್ಪತ್ರೆಯಲ್ಲಿ ಇದನ್ನು ಶುರು ಮಾಡಿದವಂತೆ. ಮನೆಯೊಳಗಿನ ಹೊಡೆತಕ್ಕೆಂದೇ ಮಾಡಿದ ಕಾನೂನು ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕಿಂತ ಐದಾರು ವರ್ಷ ಮುಂಚೆ, ನಾವು ಗಟಾರ ಮತ್ತು ರಸ್ತೆಹೊಂಡಕ್ಕಾಗಿ ಬಯ್ಯುವ ಇದೇ ಪಾಲಿಕೆ!

ವಿಚಾರ ಸರಳ. ಹೊಡೆಸಿಕೊಂಡ ಹೆಂಗಸು ಪೊಲೀಸ್ ಠಾಣೆಗೆ ಹೋಗಲಾರಳು, ಆದರೆ ಕೈ ಮುರಿದರೆ ಆಸ್ಪತ್ರೆಗೆ ಹೋಗಲೇಬೇಕು. ಆದ್ದರಿಂದ ಅಲ್ಲಿನ ಡಾಕ್ಟರು, ನರ್ಸುಗಳಿಗೆ ತರಬೇತಿ ಕೊಟ್ಟರು. ಗಾಯಕ್ಕೂ ಹೇಳುವ ಕಾರಣಕ್ಕೂ ಹೊಂದುತ್ತದೆಯೇ ನೋಡಿ; ತಪ್ಪಿ ಫಿನಾಯಿಲ್ ಕುಡಿದೆ ಎಂದರೆ ಅಷ್ಟಕ್ಕೇ ಬಿಡಬೇಡಿ; ಕರೆತಂದವರನ್ನು ಹೊರಗೆ ನಿಲ್ಲಿಸಿ ಅವಳೊಬ್ಬಳನ್ನೇ ಮತ್ತೊಮ್ಮೆ ಕೇಳಿ; ಅವಳು ಹೇಳಿದ್ದನ್ನು ಕೇಸ್ ಪೇಪರಿನಲ್ಲಿ ಬರೆಯಿರಿ, ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿ. ಆ ರಾತ್ರಿ ಮನೆಗೆ ಹೋಗಲು ಹೆದರಿಕೆಯೆಂದರೆ ವಾರ್ಡಿನಲ್ಲೇ ಒಂದು ಹಾಸಿಗೆ ಕೊಡುತ್ತಾರೆ. ಮುಂದೆ ರಾಷ್ಟ್ರೀಯ ನಗರ ಆರೋಗ್ಯ ಮಿಷನ್ನಿನ ಹಣದಲ್ಲಿ ಮುಂಬಯಿಯ 11 ಆಸ್ಪತ್ರೆಗಳಿಗೆ ಈ ಕೆಲಸ ಹಬ್ಬಿತು. ನಾನು ಪದ್ಯ ಒಪ್ಪಿಸಿದ ರಾತ್ರಿಯೂ ಇದೇ ಊರಿನಲ್ಲಿ ಅಂಥ ಕೊಠಡಿಗಳಿದ್ದವು. ನಾವು ಹೋದಲ್ಲಿ ಮತ್ತೊಮ್ಮೆ ಕೇಳುವವರು ಇರಲಿಲ್ಲ, ಅಷ್ಟೇ.

ಕಾಗದಕ್ಕೆ ಬಾರದೆ ಹೋದದ್ದು ಪಾಲಿಕೆಯ ಆಸ್ಪತ್ರೆಯ ಒಳಗೇ ನಡೆದದ್ದೂ ಇದೆ. ಹೊನ್ನಾವರದ ಹತ್ತಿರದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬನೇ ಎರಗಿದ. ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದ. ಅವನಿಗೆ ಶಿಕ್ಷೆಯಾದದ್ದು ಕೊಲೆಯತ್ನಕ್ಕೆ, ಸುಲಿಗೆಗೆ. ಲೈಂಗಿಕ ದೌರ್ಜನ್ಯಕ್ಕೆ ಶಿಕ್ಷೆಯೇ ಆಗಲಿಲ್ಲ. ಅರುಣಾ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ 2015ರ ಮೇ 18ರ ತನಕ ಉಳಿದರು. ಸುಮಾರು 42 ವರ್ಷ ಅವರನ್ನು ನೋಡಿಕೊಂಡದ್ದು ಅಲ್ಲಿಯ ನರ್ಸುಗಳು. ತಾಳೆಪಟ್ಟಿಯ ಎರಡೂ ಬದಿ ಸರಿಹೋದರೂ ಲೆಕ್ಕ ತಪ್ಪಿರಬಹುದೆಂದು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ಇದನ್ನು ಓದಿದ ಮೇಲೆ ಆ ಪಾಠ ನನಗೆ ಬೇರೆಯಾಗಿ ಕೇಳಿಸುತ್ತದೆ.

ನನ್ನದೊಂದು ತಕರಾರಿದೆ. ನಮ್ಮ ಅಕ್ಕನಂಥವರಿಗೆ ಮರಾಠಿ ಬಾರದು, ಹಿಂದಿ ಅರೆಬರೆ. ಕರೆತಂದವರನ್ನು ಹೊರಗೆ ನಿಲ್ಲಿಸಿದರೆ ಮಾತೇ ನಿಂತುಹೋಗುತ್ತದೆ. ಒಳಗೆ ಬಿಟ್ಟರೆ ಮಾತಾಡುವವನು ಗಂಡ, ಇಲ್ಲವೇ ನನ್ನಂತೆ ಪಾಠ ಹೇಳಿಸಿಕೊಂಡ ಹುಡುಗ. ರಾಜ್ಯೋತ್ಸವಕ್ಕೆ ಬಾವುಟ ಕಟ್ಟಲು ನಾವು ನಲವತ್ತು ಜನ ಬರುತ್ತೇವೆ. ನಮ್ಮ ಸಂಘದ ಹುಡುಗಿಯರು ನಾಲ್ಕೈದು ಮಂದಿ ಬೇಕಾದಾಗ ಬಂದು ಕನ್ನಡ ಹೇಳಿಕೊಡುತ್ತೇವೆಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿ ಬಂದರೆ ಹೇಗೆ? ಸಭೆಯಲ್ಲಿ ಹೇಳಿದೆ. ‘ನೋಡೋಣ’ ಎಂದರು.

ಈ ದೀಪಾವಳಿಗೆ ಊರಿಗೆ ಹೋದಾಗ ಅಕ್ಕ ಸಿಕ್ಕಿದ್ದಳು. ಈಗ ತವರಿನಲ್ಲೇ ಇದ್ದಾಳೆ. ಜೀವನಾಂಶಕ್ಕೆ ಕೇಸು ಹಾಕಿದ್ದಾಳೆ. ಒಳಗಿನ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕೇಸ್ ಪೇಪರ್ ತಂದಳು.

‘ತಮ್ಮಾ, ಇದರಾಗ ಏನ್ ಬರದಾರ ಓದಿ ಹೇಳು. ಮುಂಬಯಿ ಕಾಗದ ಇದ್ರ ತಗೊಂಡ್ ಬಾ ಅಂದಾರ ವಕೀಲರು.’

ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದಲ್ಲ, ನಾವ ಹಂಗ ಹೇಳಿದ್ವಿ’ ಎಂದಳು.

ನಾನು ಬಂದು ನಿಜ ಹೇಳಿದರೆ ನಡೆಯುತ್ತದೆಯೇ ಎಂದು ವಕೀಲರನ್ನು ಕೇಳಿದ್ದೇನೆ. ಆಗ ನನಗೆ ಹನ್ನೆರಡು ವರ್ಷ. ನೋಡಿ ತಿಳಿಸುತ್ತೇನೆ ಎಂದಿದ್ದಾರೆ. ಇನ್ನೂ ತಿಳಿಸಿಲ್ಲ.