ಮಣ್ಣು ಹೊರುವವರು

ಫ್ರಾನ್ಸಿನ ರೋನ್ ನದಿಯ ಪಕ್ಕ ಕೊರ್ನಾಸ್ ಎಂಬ ಪುಟ್ಟ ಊರಿದೆ. ಅದರ ಹೆಸರಿನ ಕೆಂಪು ವೈನ್‌ಗೆ 1938ರಲ್ಲೇ ಕಾನೂನಿನ ಮನ್ನಣೆ ಸಿಕ್ಕಿದೆ. ಅದಕ್ಕೆ ಸಿರಾ ದ್ರಾಕ್ಷಿಯೊಂದೇ ಆಗಬೇಕು. ನಾವು ಶಿರಾಜ್ ಎನ್ನುವುದೂ ಅದನ್ನೇ.

ಅಲ್ಲಿನ ಒಂದು ಕುಟುಂಬದ ತೋಟ ನೋಡಲು ಹೋಗಿದ್ದೆ. ಗ್ರಾನೈಟ್ ಗುಡ್ಡದ ಕಡಿದಾದ ಇಳಿಜಾರು; ಟ್ರ್ಯಾಕ್ಟರ್ ಹತ್ತದು. ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು, ನಡುವಿನ ಕಿರಿದಾದ ಹಂತಗಳಲ್ಲಿ ಗೂಟಕ್ಕೆ ಕಟ್ಟಿದ ಬಳ್ಳಿಗಳು. ಬಳ್ಳಿ ಸವರುವುದು, ಗೊಂಚಲು ಕೊಯ್ಯುವುದು ಎಲ್ಲ ಕೈಯಲ್ಲೇ. ಜೋರು ಮಳೆ ಬಂದರೆ ಮಣ್ಣು ಕೆಳಗಿಳಿಯುತ್ತದೆ. ಅದನ್ನು ಮತ್ತೆ ಮೇಲಕ್ಕೆ ಹೊರಬೇಕು.

ಮೊದಲ ಮಹಾಯುದ್ಧ ಗಂಡಸರನ್ನು ನುಂಗಿದ ಮೇಲೆ ಎಷ್ಟೋ ಹಂತಗಳು ಕಾಡುಪಾಲಾಗಿದ್ದವಂತೆ. ವೈನ್‌ಗೆ ಒಳ್ಳೆಯ ಬೆಲೆ ಬಂದ ಮೇಲೆ ಮಕ್ಕಳು ಮತ್ತೆ ಗುಡ್ಡ ಹತ್ತಿದರು.

'ಕೆಳಗೆ ಸಮತಟ್ಟು ನೆಲವಿದೆಯಲ್ಲ?' ಎಂದೆ. ಮನೆಯ ಯಜಮಾನರು ಜರಿದ ಗೋಡೆಯೊಂದನ್ನು ತೋರಿಸಿದರು. 'ಇದು ನಮ್ಮಜ್ಜ ಕಟ್ಟಿದ್ದು. ಹೀಗೇ ಬಿಟ್ಟರೆ ನಾಲ್ಕು ಜೋರು ಮಳೆ ಸಾಕು, ಮೇಲಿನ ಬಳ್ಳಿಗಳೂ ಹೋಗುತ್ತವೆ.'

ನನಗೆ ಸಾಗರದ ಕಡೆಯ ನಮ್ಮ ಅಡಿಕೆ ತೋಟ ನೆನಪಾಯಿತು. ಅಪ್ಪ ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಹೊಸ ಮಣ್ಣು ಹೊರಿಸುತ್ತಿದ್ದರು. ಅವರು ಹೋದ ಮೇಲೆ ತೋಟಕ್ಕೆ ಮಣ್ಣು ಬಿದ್ದಿಲ್ಲ. ಮಕ್ಕಳು ಮೂವರೂ ಪಟ್ಟಣ ಸೇರಿದ್ದೇವೆ. 'ಮಾರಿಬಿಡೋಣವೇ?' ಎಂದು ತಮ್ಮ ಕೇಳಿದ್ದಾನೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.