ಬಣ್ಣ ಒರಿಜಿನಲ್ ಐತೇನ್ರಿ?

ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಾಗಲಿ, ಹುಕ್ಕೇರಿಯಲ್ಲಾಗಲಿ, ಹಳೆಯ ಗಾಡಿಯೊಂದು ಮಾರಾಟಕ್ಕೆ ನಿಂತಿತೆಂದರೆ ನೋಡಲು ಬಂದವರು ಇಂಜಿನ್ ಚಾಲೂ ಮಾಡಿಸುವುದಕ್ಕೂ ಮೊದಲು ಬಾಗಿಲ ಅಂಚಿನ ಮೇಲೆ ಬೆರಳಾಡಿಸಿ ಕೇಳುತ್ತಾರೆ: "ಬಣ್ಣ ಒರಿಜಿನಲ್ ಐತೇನ್ರಿ?" ಮಾರುವವರು "ಕಂಪನಿ ಪೇಂಟ್ ಐತ್ರಿ, ಎಲ್ಲೂ ಕೈ ಹಚ್ಚಿಲ್ಲ" ಅಂದರೆ ಮಾತು ಒಂದು ದಾರಿ ಹಿಡಿಯುತ್ತದೆ. "ಹ್ವಾದ ವರ್ಷ ಫುಲ್ ಪೇಂಟ್ ಮಾಡ್ಸೇನ್ರಿ" ಅಂದರೆ ಬೇರೆಯದೇ ದಾರಿ. ಹೊಸ ಬಣ್ಣದ ಕೆಳಗೆ ಏನು ಮುಚ್ಚಿಟ್ಟಿದ್ದಾರೋ, ಎಲ್ಲಿ ಬಡಿದು ಎಲ್ಲಿ ಪಟ್ಟಿ ಹಚ್ಚಿದ್ದಾರೋ ಎಂಬ ಅನುಮಾನ ಕೊಳ್ಳುವವರ ಕಣ್ಣಿನಲ್ಲಿ ಕೂತುಬಿಡುತ್ತದೆ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿ ಕೊಂಬಿಗೆ ಬಳಿದ ಬಣ್ಣಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕಟ್ಟುವುದಿಲ್ಲ. ಗಾಡಿ ನೋಡುವ ನಮ್ಮ ಜನರ ಜಾಣತನ ಬಂದಿರುವುದು ಅಲ್ಲಿಂದಲೇ ಎಂದು ನನ್ನ ನಂಬಿಕೆ.

ನನಗೆ ಹಳೆಯ ಅಮೆರಿಕನ್ ಸ್ಪೋರ್ಟ್ಸ್ ಕಾರುಗಳ ಮಾರಾಟದ ವಿವರ ಓದುವ ಹುಚ್ಚು. ಕೊಳ್ಳುವ ಮಾತಲ್ಲ, ಓದುವ ಮಾತು. ಅವುಗಳಲ್ಲಿ ನಾನು ಹುಡುಕುವುದು ಒಂದೇ ಜಾತಿಯ ಗಾಡಿ: ಕಾರ್ಖಾನೆಯಿಂದ ಬಂದ ಮೇಲೆ ಯಾರೂ ಬಿಚ್ಚಿ, ತಿಕ್ಕಿ, ಹೊಸದಾಗಿ ಬಣ್ಣ ಹೊಡೆಯದೆ ಇದ್ದ ಹಾಗೇ ಉಳಿದದ್ದು. ಯಾರದೋ ತೋಟದ ಕೊಟ್ಟಿಗೆಯಲ್ಲಿ, ಹುಲ್ಲು ಗೊಬ್ಬರದ ಚೀಲಗಳ ಹಿಂದೆ ಮೂವತ್ತು ನಲವತ್ತು ವರ್ಷ ನಿಂತು, ಮಾಲೀಕರು ತೀರಿಕೊಂಡ ಮೇಲೆ ಮಕ್ಕಳ ಕಣ್ಣಿಗೆ ಬಿದ್ದದ್ದು. ಚಿತ್ರದಲ್ಲಿ ಅದರ ಮೇಲಿನ ಧೂಳು ಕೂಡ ಕಾಣುತ್ತದೆ. ಹಾಗೆ ಬಂದ ಗಾಡಿ 1953ರ ಶೆವರ್ಲೆ ಕಾರ್ವೆಟ್ ಆಗಿದ್ದರಂತೂ ನಾನು ಊಟ ಮರೆತು ಓದುತ್ತೇನೆ.

ಆ ಗಾಡಿಯ ಕಥೆ ಹೇಳಲೇಬೇಕು. 1953ರ ಜನವರಿಯಲ್ಲಿ ಜನರಲ್ ಮೋಟರ್ಸ್ ಕಂಪನಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ತನ್ನ ಪ್ರದರ್ಶನದಲ್ಲಿ ಇಬ್ಬರು ಕೂರುವ ಒಂದು ಬಿಳಿ ಗಾಡಿಯನ್ನು ತೋರಿಸಿತು. ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಅವರ ಕನಸು ಅದು. ಜನ ಮುಗಿಬಿದ್ದು ನೋಡಿದರು. ಅದೇ ವರ್ಷ ಜೂನ್ 30ರಂದು ಮಿಷಿಗನ್‌ನ ಫ್ಲಿಂಟ್ ಊರಿನಲ್ಲಿ ಮೊದಲ ಗಾಡಿ ತಯಾರಾಗಿ ಹೊರಬಂತು. ಆ ವರ್ಷ ಕಟ್ಟಿದ್ದು ಬರೀ 300. ಎಲ್ಲಕ್ಕೂ ಒಂದೇ ಬಿಳಿ ಬಣ್ಣ, ಒಳಗೆ ಒಂದೇ ಕೆಂಪು. ತಗಡಿನ ಬದಲು ಮೈಯೆಲ್ಲ ಫೈಬರ್‌ಗ್ಲಾಸ್. ಇಂಜಿನ್ ಮಾತ್ರ ಕಂಪನಿಯ ಸಂಸಾರಸ್ಥ ಕಾರುಗಳ ಅದೇ ಆರು ಸಿಲಿಂಡರಿನದು, 235 ಕ್ಯೂಬಿಕ್ ಇಂಚು. ಅದಕ್ಕೆ ಮೂರು ಕಾರ್ಬ್ಯುರೇಟರ್ ಕೂಡಿಸಿ 150 ಅಶ್ವಶಕ್ತಿಗೆ ಏರಿಸಿದ್ದರು. ಗೇರು ತನ್ನಷ್ಟಕ್ಕೆ ಬದಲಾಗುವಂಥದ್ದು, ಅದೂ ಎರಡೇ ಎರಡು. ಬಾಗಿಲಿಗೆ ಹೊರಗಡೆ ಹಿಡಿಕೆ ಇಲ್ಲ, ಒಳಗೆ ಕೈ ಹಾಕಿ ತೆಗೆಯಬೇಕು. ಏರಿಸಿ ಇಳಿಸುವ ಗಾಜೂ ಇಲ್ಲ, ಮಳೆ ಬಂದರೆ ಪಕ್ಕಕ್ಕೆ ಪರದೆ ಸಿಕ್ಕಿಸಬೇಕು. ಹೆಡ್‌ಲೈಟಿನ ಮುಂದೆ ಕಲ್ಲು ತಾಗದ ಹಾಗೆ ತಂತಿಯ ಜಾಲಿ. ಬೆಲೆ 3,498 ಡಾಲರ್.

ಮರುವರ್ಷ 3,640 ಕಟ್ಟಿದರು. ಅವುಗಳಲ್ಲಿ ಬಹಳಷ್ಟು ಗಿರಾಕಿ ಸಿಗದೆ ನಿಂತವು. 1955ರಲ್ಲಿ ವಿ-8 ಇಂಜಿನ್ ಬಂತು, ಆದರೂ ಕಟ್ಟಿದ್ದು 700 ಮಾತ್ರ. ಕಂಪನಿ ಅಂದು ಕೈಬಿಟ್ಟಿದ್ದರೆ ಅಮೆರಿಕದ ಅತ್ಯಂತ ದೀರ್ಘಾಯುಷಿ ಸ್ಪೋರ್ಟ್ಸ್ ಕಾರು ಮೂರನೇ ವರ್ಷಕ್ಕೇ ಮುಗಿಯುತ್ತಿತ್ತು. ಇದರ ಜೊತೆಯಲ್ಲೇ ಬಂದ ಕೈಸರ್ ಡ್ಯಾರಿನ್ ಎಂಬ ಇನ್ನೊಂದು ಫೈಬರ್‌ಗ್ಲಾಸ್ ಗಾಡಿಗೆ ಆ ಅದೃಷ್ಟ ಇರಲಿಲ್ಲ. ಅದರ ಬಾಗಿಲು ಹೊರಕ್ಕೆ ತೆರೆಯದೆ ಮುಂದಿನ ಮಡ್‌ಗಾರ್ಡಿನ ಒಳಕ್ಕೆ ಸರಿದುಹೋಗುತ್ತಿತ್ತು. ಚಂದದ ಗಾಡಿ. 435 ಕಟ್ಟುವಷ್ಟರಲ್ಲಿ ಕಥೆ ಮುಗಿಯಿತು.

ನಮ್ಮ ನೆಲಕ್ಕೂ ಇಂಥ ಗಾಡಿಗಳಿಗೂ ಏನು ಸಂಬಂಧ ಎಂದರೆ, ಇದೆ. ಇಂದೋರಿನ ಯಶವಂತರಾವ್ ಹೋಳ್ಕರ್ ಮಹಾರಾಜರು 1930ರ ದಶಕದಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಎಸ್‌ಜೆ ಗಾಡಿಯ ಚಾಸಿ ತರಿಸಿ, ಲಂಡನ್ನಿನ ಗರ್ನಿ ನಟಿಂಗ್ ಕಂಪನಿಯಿಂದ ಮೈ ಕಟ್ಟಿಸಿದರು. ಎಂಟು ಸಿಲಿಂಡರ್, ಮೇಲೆ ಸೂಪರ್‌ಚಾರ್ಜರ್, ಕಂಪನಿ ಹೇಳಿದ ಶಕ್ತಿ 320 ಅಶ್ವಶಕ್ತಿ. ಕಿತ್ತಳೆ ಮತ್ತು ಕಪ್ಪು ಬಣ್ಣದ ಆ ಉದ್ದನೆಯ ಗಾಡಿ ಆಮೇಲೆ ಅಮೆರಿಕಕ್ಕೇ ಮರಳಿ ಹೋಯಿತು. ಸಂಸ್ಥಾನಗಳು ಹೋದ ಮೇಲೆ ಹೀಗೆ ಎಷ್ಟೋ ಗಾಡಿ ದೇಶ ಬಿಟ್ಟವು. ಇಲ್ಲೇ ಉಳಿದವನ್ನು ಕಾಪಾಡಿದವರ ಋಣ ದೊಡ್ಡದು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಸ್ಟುಡಿಬೇಕರ್ ಪ್ರೆಸಿಡೆಂಟ್ ಕಾರನ್ನು ನೋಡಿರಬೇಕು. ಗಾಂಧೀಜಿ ಹಳೆಯ ಮೈಸೂರು ಸೀಮೆಯಲ್ಲಿ ಸಂಚರಿಸುವಾಗ ಬಳಸಿದ ಗಾಡಿ ಅದು ಎನ್ನುತ್ತಾರೆ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಅದೇ ಸಂಗ್ರಹದ ಇನ್ನೊಂದು ಭಾಗ ಈಗ ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಹೆಸರಿನಲ್ಲಿದೆ. ನಮಗೆ ಹತ್ತಿರದ ಕೊಲ್ಲಾಪುರದಲ್ಲಿ ದಸರೆಗೆ ಅರಮನೆಯ ಹಳೆಯ ಮೇಬ್ಯಾಕ್ ಹೊರಗೆ ಬಂದಾಗ ದಾರಿಯುದ್ದಕ್ಕೂ ಜನ ನಿಂತು ನೋಡುತ್ತಾರೆ. ಅದು ಜರ್ಮನಿಯದು, ಅಮೆರಿಕದ್ದಲ್ಲ, ಆದರೂ ಹಳೆಯ ಗಾಡಿ ಗಾಜಿನ ಪೆಟ್ಟಿಗೆಯೊಳಗೆ ಕೂರದೆ ಹಬ್ಬದ ದಿನ ತನ್ನ ಕೆಲಸ ಮಾಡುವುದು ನನಗೆ ಬಹಳ ಇಷ್ಟ.

ಸಾಮಾನ್ಯ ಅಮೆರಿಕನ್ ಗಾಡಿಗಳಂತೂ ನಮ್ಮ ಹಿರಿಯರಿಗೆ ಹೊಸವಲ್ಲ. ಫೋರ್ಡ್ 1926ರಲ್ಲಿ, ಜನರಲ್ ಮೋಟರ್ಸ್ 1928ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ ಗಾಡಿ ಜೋಡಿಸತೊಡಗಿದವು. ಮುಂಬಯಿಯ ಶಿವಡಿಯಲ್ಲಿ ಶೆವರ್ಲೆ ಜೋಡಣೆಯಾಗುತ್ತಿತ್ತು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. ಪುಣೆ–ಬೆಂಗಳೂರು ರಸ್ತೆ ಸಂಕೇಶ್ವರ, ಹತ್ತರಗಿ, ಯಮಕನಮರಡಿ ದಾಟಿ ಹುಕ್ಕೇರಿ ತಾಲೂಕನ್ನು ಸೀಳಿಕೊಂಡೇ ಹೋಗುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ ಬಂದು, ಸರ್ವಿಸ್ ಮೋಟಾರುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಗ್ಯಾಸಿನ ಮೇಲೆ ಓಡಿದವು. 1950ರ ದಶಕದ ನಡುವೆ ಸರ್ಕಾರದ ಹೊಸ ಕೈಗಾರಿಕಾ ನೀತಿಗೆ ಹೊಂದಿಕೆಯಾಗದೆ ಎರಡೂ ಕಂಪನಿ ಗಂಟುಮೂಟೆ ಕಟ್ಟಿದವು. ಅಂದರೆ ಅಮೆರಿಕದಲ್ಲಿ ಕಾರ್ವೆಟ್ ಹುಟ್ಟುವ ಹೊತ್ತಿಗೆ ನಮ್ಮಲ್ಲಿ ಅಮೆರಿಕನ್ ಗಾಡಿಗಳ ಕಾಲ ಮುಗಿಯುತ್ತ ಬಂದಿತ್ತು. ನಮ್ಮ ಕಡೆ ಅಂಥ ಗಾಡಿ ಕಾಣದಿರುವುದಕ್ಕೆ ಕಾರಣ ಅದು.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ, ನನಗೆ ಹೇಳಬೇಕಾದ್ದು ಇರುವುದೇ ಅಲ್ಲಿ. 1920ರ ದಶಕದವರೆಗೆ ಕಾರಿಗೆ ಬಣ್ಣ ಎಂದರೆ ಕುಂಚದಲ್ಲಿ ಹಚ್ಚುವ ವಾರ್ನಿಷ್. ಒಂದರ ಮೇಲೊಂದು ಪದರ, ಒಣಗಲು ದಿನಗಟ್ಟಲೆ, ಗಾಡಿಗಳು ವಾರಗಟ್ಟಲೆ ಸಾಲಾಗಿ ನಿಲ್ಲುತ್ತಿದ್ದವು. ಡ್ಯೂಪಾಂಟ್ ಕಂಪನಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ತಂದ ಮೇಲೆ ಗನ್ನಿನಲ್ಲಿ ಹೊಡೆದರೆ ಬೇಗ ಒಣಗುವ, ಬೇಕಾದ ರಂಗು ಸಿಗುವ ಕಾಲ ಬಂತು. ಗೋಕಾಕದ ಪೇಂಟರ್ ಇವತ್ತಿಗೂ ಡ್ಯೂಕೋ ಎನ್ನುತ್ತಾನೆ. ಆ ಬಣ್ಣದ ಪದರ ತೆಳು. ಎಪ್ಪತ್ತು ವರ್ಷ ಒರೆಸಿ ಒರೆಸಿ ಅಂಚುಗಳಲ್ಲಿ ಸವೆದು ಕೆಳಗಿನ ಪ್ರೈಮರ್ ಇಣುಕುತ್ತದೆ. ಬಿಸಿಲಿಗೆ ನವಿರಾದ ಸೀಳು ಬಿಡುತ್ತದೆ. ಯಾವ ಮಗ್ಗುಲು ಹೆಚ್ಚು ಮಾಸಿದೆ ನೋಡಿದರೆ ಗಾಡಿ ಯಾವ ಮುಖವಾಗಿ ನಿಲ್ಲುತ್ತಿತ್ತು ಹೇಳಬಹುದು. ಎಡ ಬಾಗಿಲ ಮೇಲ್ತುದಿ ಮಾತ್ರ ಸವೆದಿದ್ದರೆ ಓಡಿಸುವವರು ಮೊಣಕೈ ಊರಿ ಕೂರುತ್ತಿದ್ದರು. ಬಾನೆಟ್ಟಿನ ಅಡಿಯಲ್ಲಿ ಕಾರ್ಖಾನೆಯ ಕೆಲಸಗಾರರು ಸೀಮೆಸುಣ್ಣದಲ್ಲಿ ಎಳೆದ ಗುರುತು, ಗಾಜಿನ ಮೂಲೆಯ ಸಣ್ಣ ಅಕ್ಷರ, ಚಾಸಿ ಮೇಲಿನ ನಂಬರು, ಇಂಜಿನ್ ಮೇಲಿನ ಮುದ್ರೆ, ಇವೆಲ್ಲ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಗಾಡಿಯನ್ನು ಪೂರ್ತಿ ಬಿಚ್ಚಿ, ತಿಕ್ಕಿ, ಕನ್ನಡಿಯ ಹೊಳಪಿನ ಈಗಿನ ಬಣ್ಣ ಹೊಡೆದರೆ ಈ ಸಾಕ್ಷಿಗಳೆಲ್ಲ ಒಂದು ವಾರದಲ್ಲಿ ಹೋಗಿಬಿಡುತ್ತವೆ. ಎಷ್ಟು ದುಡ್ಡು ಸುರಿದರೂ ಮರಳಿ ಬರುವುದಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಟ್ಯೂರಿನ್ ಸನ್ನದು ತಂದು, ಇದ್ದದ್ದನ್ನು ಆದಷ್ಟು ಉಳಿಸಿ, ಬೇಕಾದಷ್ಟು ಮಾತ್ರ ಕೈ ಹಾಕಿ ಎಂದು ಹೇಳಿತು.

ಈ ತಿಳಿವಳಿಕೆ ಗಾಡಿಗಷ್ಟೇ ಸಾಲದು. ಗೋಕಾಕ ಫಾಲ್ಸಿನ ದಂಡೆಯ ಚಾಲುಕ್ಯ ಕಾಲದ ಗುಡಿಯ ಮುಂದೆ, ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳ ಮುಂದೆ ನಿಂತಾಗ ನನಗೆ ಉಳಿದ ಊರುಗಳ ಗುಡಿಗಳು ನೆನಪಾಗುತ್ತವೆ. ಭಕ್ತಿಯಿಂದಲೇ, ಪ್ರೀತಿಯಿಂದಲೇ ಎಣ್ಣೆಬಣ್ಣ ಬಳಿದು ಕೆತ್ತನೆಯ ಗೆರೆ ಮುಚ್ಚಿಹಾಕಿದ ಗುಡಿಗಳು ನಮ್ಮ ನಾಡಿನಲ್ಲಿ ಒಂದೆರಡಲ್ಲ. ಗೋಕಾಕದ ಬಣ್ಣದ ಮರದ ಗೊಂಬೆಗಳದ್ದೂ ಇದೇ ಪಾಡು. ಮನೆಯಲ್ಲಿ ಅಜ್ಜಿಯ ಕಾಲದ ಗೊಂಬೆಯಿದ್ದರೆ ಹಬ್ಬಕ್ಕೆಂದು ಅದಕ್ಕೆ ಅಂಗಡಿಯ ಪೇಂಟ್ ಹಚ್ಚಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹುಬ್ಬಿನ ಆ ಒಂದು ಗೆರೆ ಎಳೆದ ಕೈ ಈಗ ಇಲ್ಲ.

ಹಾಗೆಂದು ಗಾಡಿಯನ್ನು ತುಕ್ಕು ಹಿಡಿಯಲು ಬಿಡಿ ಎಂದಲ್ಲ. ಇದ್ದ ಹಾಗೆ ಇಟ್ಟು ಓಡುವ ಹಾಗೆ ಮಾಡುವುದೇ ಹೆಚ್ಚು ಕಷ್ಟದ ಕೆಲಸ, ಅದಕ್ಕೆ ನಿಜವಾದ ಮಿಸ್ತ್ರಿ ಬೇಕು. ದಶಕಗಟ್ಟಲೆ ನಿಂತ ಇಂಜಿನ್ನಿಗೆ ಬ್ಯಾಟರಿ ಕಟ್ಟಿ ಒಮ್ಮೆಲೇ ಸೆಲ್ಫ್ ಹೊಡೆದರೆ ಸಿಲಿಂಡರಿಗೆ ಅಂಟಿದ ರಿಂಗು ಮುರಿಯುತ್ತವೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಟ್ಯಾಂಕಿಯಲ್ಲಿನ ಹಳೆಯ ಪೆಟ್ರೋಲು ಅಂಟಾಗಿರುತ್ತದೆ, ಅದನ್ನು ತೆಗೆದು ತೊಳೆಯದೆ ಒಂದು ಹನಿಯೂ ಕಾರ್ಬ್ಯುರೇಟರಿಗೆ ಹೋಗಬಾರದು. ಕಾರ್ವೆಟ್ಟಿನಲ್ಲಿ ಅಂಥವು ಮೂರು, ಮೂರೂ ಒಂದೇ ಉಸಿರು ಎಳೆಯುವ ಹಾಗೆ ಹೊಂದಿಸಬೇಕು. ಬ್ರೇಕಿನ ರಬ್ಬರು ಎಲ್ಲ ಹೊಸದು ಬೇಕು, ಜೀವದ ವಿಷಯದಲ್ಲಿ ಹಳೆಯದರ ಮೇಲಿನ ಪ್ರೀತಿಗೆ ಜಾಗವಿಲ್ಲ. ಬಟ್ಟೆ ಸುತ್ತಿದ ವೈರನ್ನು ಇಲಿ ಕಡಿದಿದೆಯೇ ಎಂದು ಅಡಿಯಿಂದ ಮುಡಿಯವರೆಗೆ ನೋಡಬೇಕು. ಮೊದಲ ಕಾರ್ವೆಟ್ಟುಗಳ ಕರೆಂಟು 6 ವೋಲ್ಟಿನದು. ಅದನ್ನು 12 ಮಾಡಿಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಹಳೆಯ ಜಾವಾ, ಬುಲೆಟ್ಟುಗಳ ಕಾಲದಲ್ಲಿ 6 ವೋಲ್ಟಿನ ಜೊತೆ ಬದುಕಿದ ಮಿಸ್ತ್ರಿಗಳಿಗೆ ಮಾತ್ರ ಆ ಆಸೆ ಬರುವುದಿಲ್ಲ. ಅವರು ಅರ್ಥಿಂಗ್ ತಿಕ್ಕಿ ಸ್ವಚ್ಛ ಮಾಡಿ, ದಪ್ಪ ಕೇಬಲ್ ಹಾಕಿ, "ಈಗ ನೋಡ್ರಿ" ಎನ್ನುತ್ತಾರೆ.

ಇಂಥ ಕೈಗಳಿಗೆ ನಮ್ಮಲ್ಲಿ ಬರ ಇಲ್ಲ. ಸಂಕೇಶ್ವರದ ಹಿರಣ್ಯಕೇಶಿಯಿಂದ ಹಿಡಿದು ಸಾಲು ಸಾಲು ಸಕ್ಕರೆ ಕಾರ್ಖಾನೆಗಳಿರುವ ಸೀಮೆ ಇದು. ಹಂಗಾಮು ಮುಗಿದ ಮೇಲೆ ಗಾಣದ ಉರುಳೆಗಳನ್ನು ಬಿಚ್ಚಿ ಮತ್ತೆ ಕೂಡಿಸುವ ಫಿಟ್ಟರುಗಳು, ಬಿಡಿಭಾಗ ಸಿಗದಿದ್ದರೆ ಲೇತ್ ಮೇಲೆ ತಾವೇ ಕೊರೆದು ಕೊಡುವ ಟರ್ನರುಗಳು ಮೂಡಲಗಿಯಂಥ ಊರಿನಲ್ಲೂ ಸಿಗುತ್ತಾರೆ. ಗೋಕಾಕ ಮಿಲ್ಲು 1887ರಿಂದ ಘಟಪ್ರಭೆಯ ನೀರಿನ ಬಲದಲ್ಲಿ ತಿರುಗಿದ್ದು. ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ. ಕಬ್ಬಿಣದ ಜೊತೆ ಮಾತಾಡುವ ಜನ ನಮ್ಮವರು.

ಕಾಯ್ದೆಯೂ ಈಗ ಇಂಥ ಗಾಡಿಗಳ ಪರವಾಗಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಮೈ, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಗೆ ವಿಂಟೇಜ್ ಮಾನ್ಯತೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತದೆ, ನಮ್ಮ ಗೋಕಾಕ ಆರ್‌ಟಿಒದ 49 ಇರುವುದಿಲ್ಲ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು, ಅದು ಒಳ್ಳೆಯ ಮಾತು. ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥ ಕಾರಣ ಬೇಕು. ಅಮೆರಿಕದ ಗಾಡಿಗಳ ಸ್ಟೇರಿಂಗ್ ಎಡಕ್ಕಿರುವುದರಿಂದ, 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಮಿನಂತೆ ತಿರುವಿನ ಸಂಜ್ಞೆ ಕೊಡುವ ಯಂತ್ರ ಅಥವಾ ದೀಪ ಕೆಟ್ಟಿರಬಾರದು.

ಆದ್ದರಿಂದ ಬೆಂಗಳೂರಿನ ಹಳೆಯ ಗಾಡಿಗಳ ಕ್ಲಬ್ಬಿನವರಿಗೆ ನನ್ನದೊಂದು ಬಿನ್ನಹ. ನಿಮ್ಮ ರ‍್ಯಾಲಿಯನ್ನು ಒಮ್ಮೆ ಸಂಕೇಶ್ವರದಿಂದ ಹೊರಡಿಸಿ ಯರಗಟ್ಟಿ ರಸ್ತೆ ಹಿಡಿಯಿರಿ. ಹುಕ್ಕೇರಿ, ಘಟಪ್ರಭಾ, ಗೋಕಾಕ, ಅಲ್ಲಿಂದ ಕಲ್ಲೋಳಿ, ನಾಗನೂರ ದಾಟಿ ಮೂಡಲಗಿ. ಕಬ್ಬಿನ ಹಂಗಾಮಿನಲ್ಲಿ ಬೇಡ, ಜೋಡಿ ಟ್ರೇಲರಿನ ಟ್ರಾಕ್ಟರುಗಳ ನಡುವೆ ನಿಮ್ಮ ಗಾಡಿ ಕಾದುಹೋಗುತ್ತವೆ. ಮಳೆಗಾಲ ಇಳಿಮುಖವಾಗಿ ಫಾಲ್ಸ್ ಇನ್ನೂ ತುಂಬಿರುವಾಗ ಬನ್ನಿ. ತೊಳೆದು ಉಜ್ಜಿ ಹೊಳಪಿಸಿದ ಗಾಡಿಗಳ ಜೊತೆಗೆ, ಇದ್ದ ಹಾಗೇ ಉಳಿದ ಒಂದಾದರೂ ಇರಲಿ. ಗೋಕಾಕದಲ್ಲಿ ಕರದಂಟು ತಿನ್ನಲು ನಿಲ್ಲಿಸಿ, ಗ್ಯಾರೇಜಿನ ಹುಡುಗರು ಬಂದರೆ ಬಾನೆಟ್ ಎತ್ತಿ ತೋರಿಸಿರಿ, ಅವರು ಕೇಳುವಷ್ಟು ಹೊತ್ತು ಉತ್ತರ ಕೊಡಿರಿ.